ಒಂದೇ ಪಾಸ್‌ವರ್ಡಿನ ಇಬ್ಬರು

ಅಂಗಡಿಯ ಶಟರ್ ಎತ್ತಿದ ಮೇಲೆ ನಾನು ಮೊದಲು ಮಾಡುವುದು ಮೊಬೈಲ್ ತೆಗೆದು ಮೇಲ್ ನೋಡುವುದು. ಊದುಬತ್ತಿ ಆಮೇಲೆ. ಹಾಗೆಂದು ನನಗೆ ಬೇಕಾದ ಮೇಲ್ ದಿನಾ ಬರುತ್ತದೆ ಎಂದಲ್ಲ. ತಾಮ್ರದ ತಂತಿಯ ದರ, ಪಂಪ್ ಕಂಪನಿಯವರ ವಾರಂಟಿ ಉತ್ತರ, ಅಷ್ಟೇ. ಉಳಿದದ್ದೆಲ್ಲ ಕಸ. ಸಾಲ ಕೊಡುತ್ತೇವೆ ಎನ್ನುವವರು, ಲಾಟರಿ ಹೊಡೆದಿದೆ ಎನ್ನುವವರು, ಹೊಟ್ಟೆ ಕರಗಿಸುವವರು, ಮನೆಯಲ್ಲೇ ಕೂತು ಇಂಗ್ಲಿಷ್ ಕಲಿಯಿರಿ ಎನ್ನುವವರು. ಇವರಿಗೆಲ್ಲ ನಮ್ಮ ವಿಳಾಸ ಕೊಟ್ಟ ನನ್ಮಗ ಯಾರೋ ಗೊತ್ತಿಲ್ಲ.

ಆದರೆ ಆ ಕಸವನ್ನು ನಾನು ತೆಗೆಯುತ್ತಿರಲಿಲ್ಲ. ನಾನು ನೋಡುವಷ್ಟರಲ್ಲಿ ಅದು ಹೋಗಿರುತ್ತಿತ್ತು. ತೆಗೆಯುತ್ತಿದ್ದವನು ಖಾಜಾಸಾಬ್. ನಾನಿರುವುದು ಹಗರಿಬೊಮ್ಮನಹಳ್ಳಿಯಲ್ಲಿ, ಅವನಿರುವುದು ಕೊಟ್ಟೂರಿನಲ್ಲಿ. ನಾವು ಮಾತು ಬಿಟ್ಟು ಎರಡು ವರ್ಷವಾಗಿತ್ತು.

ಅದಕ್ಕೂ ಮೊದಲು ಇಪ್ಪತ್ತು ವರ್ಷ ನಾವಿಬ್ಬರೂ ಒಂದೇ ಅಂಗಡಿಯಲ್ಲಿ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ವಾರ್ನಿಷ್ ಹಚ್ಚಿದವರು. ಗುರುಶಾಂತ-ಖಾಜಾ ರಿವೈಂಡಿಂಗ್ ಅಂದರೆ ಹಂಪಸಾಗರದಿಂದ ಇಟ್ಟಿಗಿಯವರೆಗೆ ಬೋರ್‌ವೆಲ್ ಇದ್ದವರಿಗೆಲ್ಲ ಗೊತ್ತು. ನಾನು ಮದುವೆಯಾದವನಲ್ಲ. ಅಂಗಡಿಯ ಹಿಂದಿನ ಕೋಣೆಯೇ ಮನೆ. ಖಾಜಾನ ಹೆಂಡತಿ ಮುಮ್ತಾಜ್ ಬೇಗಂ ಮಧ್ಯಾಹ್ನ ಬುತ್ತಿ ಕಳಿಸಿದರೆ ಇಬ್ಬರಿಗೂ ಸಾಲುವಷ್ಟು ಕಳಿಸುತ್ತಿದ್ದಳು. ನನ್ನ ಡಬ್ಬಿ ಬೇರೆ, ಅದರ ಮುಚ್ಚಳಕ್ಕೆ ಕೆಂಪು ದಾರ.

ಜಗಳ ಬಂದದ್ದು ಒಂದು ಮೇಲ್‌ನಿಂದ. ದೊಡ್ಡ ಪಂಪ್ ಕಂಪನಿಯೊಂದರ ಹೆಸರಿನಲ್ಲಿ ಬಂದಿತ್ತು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಮೂರೂ ತಾಲ್ಲೂಕಿಗೆ ನೀವೇ ಡೀಲರ್, ಆಯ್ಕೆಯಾಗಿದ್ದೀರಿ ಎಂದು ಬರೆದಿತ್ತು. ಖಾಜಾ ಅದನ್ನು ಮಗ ತೌಸೀಫನಿಂದ ಓದಿಸಿ, ಬಜಾರಿಗೆಲ್ಲ ಹೇಳಿ, ಪೇಡಾ ಡಬ್ಬಿ ತಂದು ಗಿರಾಕಿಗಳಿಗೆ ಹಂಚುತ್ತಿದ್ದ. ನಾನು ಕಂಪನಿಯ ನಂಬರಿಗೆ ಫೋನ್ ಮಾಡಿ ಕೇಳಿದೆ. ಅಂಥಾದ್ದೇನೂ ಇಲ್ಲ, ಯಾರೋ ಕಳ್ಳರು, ಅಂದರು. ಪೇಡಾ ಇನ್ನೂ ಗಿರಾಕಿಗಳ ಬಾಯಲ್ಲಿತ್ತು.

"ಲೇ ಖಾಜಾ, ನಿನ್ನ ತಲಿಯಾಗ ಏನೈತಿ? ಬರೇ ವಾರ್ನಿಷ್ ತುಂಬೈತೇನು? ಇವನು ಡೀಲರ್ ಅಂತ, ನೋಡ್ರೆಪ್ಪ, ಡೀಲರ್ ಸಾಹೇಬ್ರು!" ಅಂದೆ.

ಎಲ್ಲರೂ ನಕ್ಕರು. ಖಾಜಾ ಪೇಡಾ ಡಬ್ಬಿಯ ಮುಚ್ಚಳ ಹಾಕಿದ. ಹತ್ತಿಯ ಚಿಂದಿಯಿಂದ ಕೈ ಒರೆಸಿಕೊಂಡ. ತನ್ನ ಇಕ್ಕಳ, ಮೀಟರ್, ಸುತ್ತಿಗೆ ಚೀಲಕ್ಕೆ ಹಾಕಿಕೊಂಡು ಇಳಿದು ಹೋದ. ಆಮೇಲೆ ಹೆಂಡತಿಯ ತವರೂರು ಕೊಟ್ಟೂರಿನಲ್ಲಿ ಅಂಗಡಿ ಹಾಕಿದ ಎಂದು ಕೇಳಿದೆ. ನಾನು ಹೇಳಿದ್ದರಲ್ಲಿ ಸುಳ್ಳೇನಿತ್ತು? ಮೇಲ್ ಸುಳ್ಳೇ ಆಗಿತ್ತಲ್ಲ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ.

ಅಂಗಡಿ ಎರಡಾಯಿತು, ಮೇಲ್ ಒಂದೇ ಉಳಿಯಿತು. ಎಲ್ಲ ಕಂಪನಿಯವರಲ್ಲೂ ಅದೇ ವಿಳಾಸ ಇತ್ತು. ಇಬ್ಬರಿಗೂ ಅದು ಬೇಕು, ಬಿಡುವವನು ನಾನಲ್ಲ, ಅವನೂ ಬಿಡಲಿಲ್ಲ. ಒಂದೇ ಪಾಸ್‌ವರ್ಡ್ ಹಾಕಿ ಅಲ್ಲಿ ಅವನು, ಇಲ್ಲಿ ನಾನು.

ಓದದ ಮೇಲ್ ದಪ್ಪ ಅಕ್ಷರದಲ್ಲಿರುತ್ತದೆ, ಓದಿದ ಮೇಲೆ ತೆಳ್ಳಗಾಗುತ್ತದೆ. ಖಾಜಾ ಬೆಳಗಿನ ನಮಾಜ್ ಮುಗಿಸಿ ನೋಡುತ್ತಿದ್ದನೆಂದು ಕಾಣುತ್ತದೆ. ನಾನು ತೆರೆಯುವಾಗ ದರಪಟ್ಟಿ ತೆಳ್ಳಗಾಗಿರುತ್ತಿತ್ತು, ಕಸವೆಲ್ಲ ಹೋಗಿರುತ್ತಿತ್ತು. ಅಂಗಳ ಗುಡಿಸಿ ಹೋದ ಹಾಗೆ. ಅಳಿಸಿದ ಮೇಲ್‌ಗಳು ಕೆಲವು ದಿನ ಬೇರೆ ಡಬ್ಬಿಯಲ್ಲಿ ಉಳಿದಿರುತ್ತವೆ. ಒಮ್ಮೊಮ್ಮೆ ಅದನ್ನೂ ತೆಗೆದು ನೋಡುತ್ತಿದ್ದೆ. ಏನೇನು ಎಸೆದಿದ್ದಾನೆ ನೋಡೋಣ ಎಂದು. ಇಂದೂ ಎದ್ದಿದ್ದಾನೆ, ಕಣ್ಣು ಕೈ ನೆಟ್ಟಗಿವೆ ಎಂದು ನನಗೆ ತಿಳಿಯುತ್ತಿದ್ದದ್ದು ಅದೊಂದರಿಂದಲೇ. ಬೇರೆ ಯಾರನ್ನು ಕೇಳಲಿ? ಖಾನಾವಳಿಯಲ್ಲಿ ರೊಟ್ಟಿ ತಿಂದು ಬಂದು ಮಲಗಿದರೆ ನನ್ನ ಜೊತೆ ಮಾತಾಡುವವರು ಮತ್ತೆ ಬೆಳಿಗ್ಗೆ ಗಿರಾಕಿಗಳೇ. ಅವರು ಮಾತಾಡುವುದೂ ಮೋಟಾರಿನ ಬಗ್ಗೆ.

ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಮೇಲ್ ತೆರೆದರೆ ಕಸ ಹಾಗೇ ಇತ್ತು. ದಪ್ಪ ದಪ್ಪ ಅಕ್ಷರ. ಮಲಗಿರಬೇಕು ಅಂದುಕೊಂಡೆ. ಮರುದಿನವೂ ಹಾಗೇ. ಸೊಕ್ಕು ಬಂದಿದೆ ಇವನಿಗೆ ಎಂದು ಸಿಟ್ಟು ಬಂತು. ಅದರ ಮರುದಿನ ಲಾಟರಿಯವರು ಎರಡನೇ ಸಲ ಬಂದು ಕೂತಿದ್ದರು, ಮೊದಲನೇ ಸಲ ಬಂದದ್ದೂ ಅಲ್ಲೇ ಇತ್ತು. ಅವತ್ತು ಸಿಟ್ಟು ಬರಲಿಲ್ಲ. ಊದುಬತ್ತಿ ಹಚ್ಚುವುದು ಮರೆತೆ.

ಮುಮ್ತಾಜ್ ಬೇಗಂ ನಂಬರ್ ನನ್ನ ಫೋನಿನಲ್ಲಿತ್ತು. ಮಾಡಲಿಲ್ಲ. ಮಾಡಿ ಏನೆಂದು ಕೇಳುವುದು? ನಿಮ್ಮ ಗಂಡ ಬದುಕಿದ್ದಾನಾ ಎಂದೇ?

ಮಧ್ಯಾಹ್ನ ಓಬಣ್ಣ ಬಂದ. ಕೊಟ್ಟೂರಿಗೂ ನಮ್ಮೂರಿಗೂ ಲಗೇಜ್ ಆಟೋ ಓಡಿಸುವವನು.

"ಓಬಣ್ಣ, ಕೊಟ್ಟೂರ ಕಡಿ ಹೋಗಿದ್ದೇನು?"

"ದಿನಾ ಹೋಗ್ತೀನಿ. ಯಾಕ?"

"ಏನಿಲ್ಲ. ಹಂಗ ಕೇಳಿದೆ."

"ಹಂಗ ಕೇಳೋ ಮನುಷ್ಯಾನ ನೀನು?" ಅವನು ನಕ್ಕ. "ಖಾಜಾಸಾಬ ಅದಾನ. ಗುಂಡುಕಲ್ಲಿನಂಗ ಅದಾನ. ನಿನ್ನೆ ಅವನ ಅಂಗಡ್ಯಾಗ ಚಾ ಕುಡುದು ಬಂದೀನಿ. ನೀ ಕೇಳಿದಿ ಅಂತ ಹೇಳ್ಲೇನು?"

"ಹೇಳಿದ್ರ ನಿನ್ನ ಆಟೋದ ಗಾಳಿ ತೆಗಿತೀನಿ."

"ಅದಕ್ಕ ಗಾಳಿ ಎಲ್ಲೈತಿ ಮಾರಾಯ, ನಾಳೆ ತುಂಬಿಸ್ಬೇಕು."

ಗುಂಡುಕಲ್ಲಿನಂತೆ ಇದ್ದವನು ಮೇಲ್ ಯಾಕೆ ನೋಡುತ್ತಿಲ್ಲ? ರಾತ್ರಿಯೆಲ್ಲ ಅದೇ. ಬೆಳಿಗ್ಗೆ ಒಂದು ಸುಟ್ಟ ಮೋಟಾರನ್ನು ಆಟೋದಲ್ಲಿ ಹಾಕಿಸಿ, ಓಬಣ್ಣನ ಪಕ್ಕ ಕೂತೆ. ಈ ಸೈಜಿನ ತಂತಿ ನನ್ನ ಹತ್ತಿರ ಇಲ್ಲ, ಕೊಟ್ಟೂರಿನಲ್ಲಿ ಕೇಳಬೇಕು ಅಂದೆ. ಓಬಣ್ಣ ದಾರಿಯುದ್ದಕ್ಕೂ ಏನೂ ಕೇಳಲಿಲ್ಲ. ಅದಕ್ಕಾಗಿ ಅವನಿಗೆ ಪುಣ್ಯ ಬರಲಿ.

ಖಾಜಾನ ಅಂಗಡಿ ಸಣ್ಣದು, ಚೊಕ್ಕ ಇತ್ತು. ಬೋರ್ಡಿಗೆ ಹೊಸ ಬಣ್ಣ ಹೊಡೆಸಿದ್ದ. ಹೆಸರಿನ ಕೆಳಗೆ ಮೇಲ್ ವಿಳಾಸ, ಅದು ನಮ್ಮದಲ್ಲ. ಬೇರೆಯದು. ಓದಿದ ಕೂಡಲೇ ನನಗೆ ತಿಳಿಯಿತು. ಹಾಗೇ ತಿರುಗಿ ಹೋಗಬಹುದಿತ್ತು. ಅಷ್ಟರಲ್ಲಿ ಅವನು ತಲೆ ಎತ್ತಿದ.

"ಬರ್ರಿ," ಅಂದ. "ಕುಂದ್ರಿ."

ಇಪ್ಪತ್ತು ವರ್ಷ ನನ್ನನ್ನು ಲೇ ಎಂದು ಕರೆದವನು. ಬೈದಿದ್ದರೆ ಚೆನ್ನಾಗಿತ್ತು.

"ಕುಂದ್ರಾಕ ಬಂದಿಲ್ಲ. ಮೇಲ್‌ನಾಗ ಕಸ ಬಿದ್ದೈತಿ. ನೋಡೀಯೇನು?"

"ನಾ ಅದನ್ನ ಬಿಟ್ಟೀನ್ರಿ. ತೌಸೀಫ ನನಗ ಬ್ಯಾರೆ ಮಾಡಿಕೊಟ್ಟಾನ."

"ಬಿಡೋವಾಗ ಒಂದು ಮಾತು ಹೇಳ್ಬಾರ್ದೇನು?"

"ಯಾರಿಗೆ ಹೇಳ್ಬೇಕಿತ್ರಿ?"

ಉತ್ತರ ಇಲ್ಲದಿದ್ದರೆ ನನ್ನ ದನಿ ಏರುತ್ತದೆ.

"ಎರಡು ವರ್ಷ ದಿನಾ ತೆಗದಿ. ತೆಗಿ ಅಂತ ಯಾರು ಅಂದಿದ್ರು ನಿನಗ? ಹಾಂ?"

ಅವನು ಕೈಯಲ್ಲಿದ್ದ ತಂತಿಯನ್ನು ಕೆಳಗಿಟ್ಟ. "ಇಂಗ್ಲಿಷ್ ಕಂಡ್ರ ನಿಮಗ ಸಿಟ್ಟು ಬರ್ತೈತಿ. ಸಿಟ್ಟಿನಾಗ ಯಾವುದನ್ನರ ಒತ್ತಿಬಿಡ್ತೀರಿ. ನಿಮ್ಮ ಬ್ಯಾಂಕ್ ಖಾತೆನೂ ಅದಕ್ಕ ಜೋಡಿಸೈತಿ. ಒತ್ತಿದ್ರ ಏನಾಗ್ತಿತ್ತೋ. ನನಗ ಒಮ್ಮೆ ಆಗೇತಲ್ಲ, ಅದಕ್ಕ ಗೊತ್ತು."

ನನ್ನ ಹಿಂದೆ ಒಳಗೆ ಬಂದು ಕೂತಿದ್ದ ಓಬಣ್ಣ ಬೀಡಿ ಸೇದುವ ನೆಪದಲ್ಲಿ ಎದ್ದು ಹೊರಗೆ ಹೋದ.

"ಬಂದದ್ದು ಚಲೋ ಆತು," ಅಂದ ಖಾಜಾ. "ಆ ಮೇಲ್‌ನಾಗ ನನ್ನ ನಂಬರ್ ಐತಿ ನೋಡ್ರಿ, ಅದನ್ನ ತೆಗೆದು ನಿಮ್ಮದು ಹಾಕಿಬಿಡ್ರಿ. ಇಲ್ಲಾಂದ್ರ ನೀವು ಏನು ಮಾಡಿದ್ರೂ ಕೋಡ್ ನನಗ ಬರ್ತೈತಿ."

ಆ ಮೇಲ್ ಮಾಡಿಸಿದಾಗ ನನ್ನದು ಬಟನ್ ಫೋನು. ಅವನ ನಂಬರೇ ಕೊಟ್ಟಿದ್ದೆವು. ಈಗ ಅದನ್ನು ತೆಗೆಯಬೇಕೆಂದರೆ ಅವನ ಫೋನಿಗೆ ಆರು ಅಂಕಿಯ ಕೋಡ್ ಬರುತ್ತದೆ, ಅವನು ಹೇಳಬೇಕು, ನಾನು ಒತ್ತಬೇಕು. ಒತ್ತಿದರೆ ಮುಗಿಯಿತು. ನನ್ನದೊಂದೇ ನಂಬರು, ನಾನೊಬ್ಬನೇ.

ಒಳಗಿದ್ದ ತೌಸೀಫ್ ಬಂದು ನನ್ನ ಫೋನಿನಲ್ಲಿ ಎಲ್ಲಿ ಹೋಗಬೇಕೋ ಅಲ್ಲಿಗೆ ಹೋಗಿ ಕೊಟ್ಟು ತನ್ನ ಕೆಲಸಕ್ಕೆ ಹೋದ. ಖಾಜಾನ ಫೋನ್ ಸದ್ದು ಮಾಡಿತು.

"ಎಂಟು, ಸೊನ್ನಿ, ಮೂರು, ಮೂರು, ಒಂದು, ಐದು."

ನಾನು ಕೊನೆಗೆ ಆರು ಒತ್ತಿದೆ.

"ತಪ್ಪಂತ," ಅಂದೆ.

"ಸರಿ ಹೇಳೀನಲ್ಲ. ಇನ್ನೊಂದು ತರಸ್ರಿ."

ಇನ್ನೊಂದು ಬಂತು. ಅದರಲ್ಲಿ ಮೊದಲ ಅಂಕಿಯನ್ನೇ ತಪ್ಪು ಒತ್ತಿದೆ. ಅವನು ಎದ್ದು ಬಂದ. ನನ್ನ ಹಿಂದೆ ನಿಂತ. ಅಂಗಿಯಿಂದ ವಾರ್ನಿಷ್ ವಾಸನೆ ಬರುತ್ತಿತ್ತು. ಮೂರನೇ ಕೋಡನ್ನು ನಿಧಾನವಾಗಿ, ಒಂದೊಂದೇ ಅಂಕಿಯಾಗಿ, ನನ್ನ ಹೆಬ್ಬೆರಳು ನೋಡುತ್ತ ಹೇಳಿದ. ಅವನು ನೋಡುತ್ತಿದ್ದಾನೆಂದು ನನಗೆ ಗೊತ್ತು. ಏಳು ಅಂದಾಗ ನಾನು ನಾಲ್ಕು ಒತ್ತಿದೆ.

ಖಾಜಾ ಬಗ್ಗಿ ನನ್ನ ಮುಖ ನೋಡಿದ.

"ಕಣ್ಣು ಕಾಣವಲ್ದೇನಲೇ ನಿನಗ?" ಅಂದ.

"ಕಾಣವಲ್ದು."

ಬಹಳ ಸಲ ತಪ್ಪಾಗಿದೆ, ಆಮೇಲೆ ಪ್ರಯತ್ನಿಸಿ ಎಂದು ಫೋನಿನಲ್ಲಿ ಬಂತು. ಅವನು ಅದನ್ನು ಓದಿದ. "ಬಿಡು ಹಂಗಾದ್ರ," ಅಂದು ಹೋಗಿ ತನ್ನ ಜಾಗದಲ್ಲಿ ಕೂತು ತಂತಿ ಹಿಡಿದ.

ಮುಮ್ತಾಜ್ ಬೇಗಂ ಹಿಂದಿನ ಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. "ಗುರುಶಾಂತಣ್ಣ, ಎಷ್ಟು ಸೊರಗೀರಿ! ಊಟ ಮಾಡ್ಕೊಂಡು ಹೋಗ್ರಿ, ರೊಟ್ಟಿ ಬಿಸಿ ಅದಾವು."

"ಬ್ಯಾಡವ್ವ. ಓಬಣ್ಣ ಕಾಯಾಕತ್ಯಾನ."

ಓಬಣ್ಣ ಎದುರಿನ ಕಟ್ಟೆಯ ಮೇಲೆ ಕಾಲು ಚಾಚಿ ಮಲಗಿದ್ದ. ಅದು ಅವಳಿಗೂ ಕಾಣುತ್ತಿತ್ತು. ಖಾಜಾ ಇರು ಅಂದಿದ್ದರೆ ಇರುತ್ತಿದ್ದೆ. ಒಂದು ಸಲ ಅಂದಿದ್ದರೆ ಸಾಕಿತ್ತು. ಅವನು ಮೋಟಾರಿನೊಳಗೆ ತಲೆ ಹಾಕಿದ್ದ. ನಾನು ತಂದ ಮೋಟಾರನ್ನು ಆಟೋದಿಂದ ಇಳಿಸಲೂ ಇಲ್ಲ. ಹಾಗೇ ತಿರುಗಿ ಬಂದೆವು. ತಂಬ್ರಹಳ್ಳಿಯ ಗಿರಾಕಿಯ ಆ ಮೋಟಾರಿಗೆ ಬೇಕಾದ ತಂತಿ ನನ್ನ ಅಂಗಡಿಯಲ್ಲೇ ಇತ್ತು, ಸಂಜೆ ಕೂತು ಸುತ್ತಿದೆ.

ಅದಾಗಿ ಮಳೆಗಾಲ ಕಳೆಯಿತು. ಖಾಜಾ ನಂಬರಿನ ವಿಷಯಕ್ಕೆ ಫೋನ್ ಮಾಡಿಲ್ಲ. ನಾನೂ ಮಾಡಿಲ್ಲ. ನಂಬರು ಅಲ್ಲೇ ಇದೆ. ತೆರೆದು ನೋಡಿದರೆ ಪೂರ್ತಿ ತೋರಿಸುವುದಿಲ್ಲ, ಚುಕ್ಕಿಗಳ ಕೊನೆಗೆ ಎರಡು ಅಂಕಿ ಮಾತ್ರ.

ಈಗ ಬೆಳಿಗ್ಗೆ ಕಸ ತೆಗೆಯುವವನು ನಾನೇ. ಒಂದೊಂದನ್ನೇ ಒತ್ತಿ ಹಿಡಿದು, ಅಳಿಸಿ, ಇನ್ನು ಕಳಿಸಬೇಡಿ ಎಂದು ಎಲ್ಲಿ ಕೇಳಬೇಕೋ ಅಲ್ಲಿ ಕೇಳುತ್ತೇನೆ. ಗೊತ್ತಿಲ್ಲದವರದು ಬಂದರೆ ಏನನ್ನೂ ಒತ್ತುವುದಿಲ್ಲ. ಮೊದಲ ವಾರ ಬೈಯುತ್ತ ತೆಗೆದೆ. ಇಷ್ಟೊಂದು ಬರುತ್ತಿತ್ತೆಂದು, ಇಷ್ಟನ್ನೂ ಅವನು ದಿನಾ ತೆಗೆಯುತ್ತಿದ್ದನೆಂದು ನನಗೆ ಗೊತ್ತಿರಲಿಲ್ಲ.

ಎಲ್ಲ ತೆಗೆದ ಮೇಲೆ ಪೆಟ್ಟಿಗೆ ಮೊದಲಿನ ಹಾಗೇ ಚೊಕ್ಕ ಕಾಣುತ್ತದೆ. ಮೊದಲೆಲ್ಲ ಅದನ್ನು ನೋಡಿದರೆ ಯಾರೋ ಆಗಲೇ ಎದ್ದು ಬಂದು ಹೋಗಿದ್ದಾರೆ ಎನಿಸುತ್ತಿತ್ತು. ಈಗ ನಾನೇ ತೆಗೆದದ್ದು. ಫೋನನ್ನು ಮೇಜಿನ ಮೇಲೆ ಮಗುಚಿಟ್ಟು ಊದುಬತ್ತಿ ಹಚ್ಚುತ್ತೇನೆ.