ಗಿರಾಕಿಯ ಅಳತೆ

"ಅಯ್ಯಯ್ಯೋ, ಕಚ್ಚೇಬಿಡ್ತು!" ಎನ್ನುತ್ತ ಮೈದುನ ಹೊಲಿಗೆ ಮೆಷಿನ್ ಕೆಳಗಿನಿಂದ ಕೈ ಕಿತ್ತುಕೊಂಡ. ಹಲ್ಲು ತಾಗಿದ್ದು ಅಂಗಿಯ ತೋಳಿಗಷ್ಟೇ. ಕೂಗು ಮಾತ್ರ ಇಡೀ ಬೀದಿಗೆ ಕೇಳಿತು.

ಮೆಷಿನ್ ಕೆಳಗೆ ನಾಯಿ. ಪಕ್ಕದಲ್ಲಿ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲೆ ಟೈಲರ್ ಮಾಸ್ಟರ್. ನಿನ್ನೆ ಮಧ್ಯಾಹ್ನ ಅಂಗಿಯ ಗುಂಡಿಗೆ ಕಾಜಾ ಹೊಲಿಯುತ್ತ ಕೂತವರು ಹಾಗೇ ಒರಗಿ ಪ್ರಾಣ ಬಿಟ್ಟಿದ್ದರು. ಇನ್ನರ್ಧ ಗಂಟೆಗೆ ಸ್ಮಶಾನದ ಗಾಡಿ ಬರುತ್ತದೆ. ಮುಂಗಾಲು ಮುರಿದ ನಾಯಿಗೆ ನಿನ್ನೆಯಿಂದ ನೋವಿನ ಮಾತ್ರೆ ಬಿದ್ದಿಲ್ಲ. ಹತ್ತಿರ ಹೋದವರಿಗೆಲ್ಲ ಹಲ್ಲು ತೋರಿಸುತ್ತಿದೆ.

"ಅತ್ತಿಗೆ, ಡಾಕ್ಟರಿಗೆ ಫೋನ್ ಮಾಡ್ತೀನಿ. ಒಂದು ಸೂಜಿ ಚುಚ್ಚಿದ್ರೆ ಅದಕ್ಕೂ ನೆಮ್ಮದಿ, ನಿಮಗೂ ನೆಮ್ಮದಿ. ಅಣ್ಣನೇ ಹೋದ ಮೇಲೆ ಇದನ್ನ ನೋಡ್ಕೊಳ್ಳೋರು ಯಾರು?"

ಮೂರು ವಾರದಿಂದ 'ಸೂಜಿ ಚುಚ್ಚಿಸಿ ಮುಗಿಸಿಬಿಡಿ' ಎನ್ನುತ್ತಿದ್ದವಳು ಮಾಸ್ಟರ ಹೆಂಡತಿಯೇ. ಈಗ ಇನ್ನೊಬ್ಬರ ಬಾಯಲ್ಲಿ ಕೇಳಿ ಮೈ ಉರಿಯಿತು.

"ಅಪ್ಪ ಮಾತ್ರೆ ಹೇಗೆ ಕೊಡ್ತಿದ್ರಮ್ಮ?" ಮಗಳು ಕೇಳಿದಳು.

"ನಾನೆಲ್ಲಿ ನೋಡ್ದೆ? ಅದರ ತಂಟೆಗೇ ಹೋಗ್ತಿರ್ಲಿಲ್ಲ."

ಶುದ್ಧ ಸುಳ್ಳು. ದಿನವೂ ಅಡುಗೆಮನೆಯಿಂದ ಇಣುಕಿ ನೋಡುತ್ತಿದ್ದಳು.

*

ಮನೆಯ ಮುಂದಿನ ಕೋಣೆಯೇ ಅಂಗಡಿ. ಮೂರು ವಾರದ ಹಿಂದೆ ಶಟರ್ ಎಳೆಯುವಾಗ ಹೊಸ್ತಿಲ ಮೇಲೆ ಮಲಗಿದ್ದ ಬೀದಿನಾಯಿ ಮಾಸ್ಟರ ಕಣ್ಣಿಗೆ ಬಿದ್ದಿರಲಿಲ್ಲ; ಶಟರ್ ಅದರ ಮುಂಗಾಲಿನ ಮೇಲೇ ಬಿತ್ತು. ಯಾರದೋ ಕೋಟಿನ ಬಟ್ಟೆಯಲ್ಲಿ ಸುತ್ತಿ ಒಳಗೆ ತಂದರು.

"ಹೊಸಾ ಬಟ್ಟೆ! ಗಿರಾಕಿ ಬಂದು ಕೇಳಿದ್ರೆ?"

"ಇವನೂ ಗಿರಾಕಿನೇ ಕಣೇ. ಕೆಡಿಸಿದೋನು ನಾನು, ಸರಿ ಮಾಡಿಕೊಡೋನೂ ನಾನೇ."

ಅದೇ ಹೆಸರಾಯಿತು. ಬಾವು ಏರದಂತೆ ನೋಡಿಕೊಳ್ಳಿ ಎಂದಿದ್ದರು ಡಾಕ್ಟರು. ನೋಡುವುದೆಂದರೆ ಮಾಸ್ಟರಿಗೆ ಅಳೆಯುವುದು. ಬೆಳಿಗ್ಗೆ, ಸಂಜೆ ಕೊರಳಿಗೆ ಟೇಪು ಹಾಕಿ ನಾಯಿಯ ಮುಂದೆ ಕುಕ್ಕರಗಾಲಿನಲ್ಲಿ ಕೂರುವರು. ತುಟಿಯಲ್ಲಿ ಗುಂಡುಪಿನ್ನು, ನಲವತ್ತು ವರ್ಷದ ಚಾಳಿ. ಅದರ ಸಂದಿಯಿಂದಲೇ ಉಪಚಾರ: "ಕೈ ಸ್ವಲ್ಪ ಎತ್ತಿ ಸ್ವಾಮಿ. ಹ್ಞಾಂ... ಬಿಗಿ ಆಯ್ತಾ?" ನಾಯಿ ದೊಡ್ಡಮನುಷ್ಯರ ಹಾಗೆ ಕಾಲೆತ್ತುತ್ತಿತ್ತು. ಅಳತೆಯನ್ನು ಮೇಜಿನ ಕಾಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಬ್ರೆಡ್ಡಿನೊಳಗೆ ಮಾತ್ರೆ ಇಟ್ಟು ಕೊಡುವರು.

"ಪಿನ್ನು ನುಂಗಿ ಸಾಯ್ತೀರಿ ಒಂದಿನ! ಊಟ ಆರ್ತಿದೆ, ಬನ್ನಿ," ಎಂದು ಅವಳು ಒಳಗಿನಿಂದ ರೇಗುವಳು.

"ಒಂದ್ನಿಮಿಷ ಇರೇ. ಗಿರಾಕಿ ಇದ್ದಾರೆ."

ಮದುವೆಯಾದ ಲಾಗಾಯ್ತಿನಿಂದ ಅದೊಂದೇ ಉತ್ತರ. ಅದನ್ನು ಕೇಳಿಸಿಕೊಂಡು ಅವಳು ಎಷ್ಟು ಊಟ ಬಿಸಿ ಮಾಡಿದ್ದಳೋ.

*

ಹೊರಗೆ ಗಾಡಿ ನಿಂತ ಸದ್ದಾಯಿತು. ಮೈದುನ ಫೋನನ್ನು ಕಿವಿಗಿಟ್ಟಿದ್ದ.

"ಅದನ್ನ ಇಡಪ್ಪ ಮೊದಲು," ಎಂದು ಮಾಸ್ಟರ ಹೆಂಡತಿ ಎದ್ದಳು.

ಮೊಳೆಗೆ ತೂಗುಹಾಕಿದ್ದ ಟೇಪನ್ನು ಕೊರಳಿಗೆ ಹಾಕಿಕೊಂಡಳು. ಡಬ್ಬಿಯಿಂದ ಎರಡು ಗುಂಡುಪಿನ್ನು ತೆಗೆದು ತುಟಿಯಲ್ಲಿ ಕಚ್ಚಿದಳು. "ಅಮ್ಮಾ, ಏನಿದು?" ಎಂದಳು ಮಗಳು. ತಾಯಿ ಮಂಡಿ ಲಟಲಟ ಎನಿಸುತ್ತ ನಾಯಿಯ ಮುಂದೆ ಕುಕ್ಕರಿಸಿದಳು.

"ಕೈ... ಸ್ವಲ್ಪ ಎತ್ತಿ ಸ್ವಾಮಿ."

ಗುರುಗುಟ್ಟುವುದು ನಿಂತಿತು. ನಾಯಿ ಮೇಜಿನ ಕಡೆ ನೋಡಿತು, ಅವಳನ್ನು ನೋಡಿತು. ಬಹಳ ಹೊತ್ತಾದ ಮೇಲೆ ನಡುಗುವ ಕಾಲನ್ನೆತ್ತಿತು. ತುಟಿಯಲ್ಲಿ ಪಿನ್ನಿರುವಾಗ ಅಳುವ ಹಾಗೂ ಇಲ್ಲ. ಕಟ್ಟಿನ ಮೇಲ್ಭಾಗಕ್ಕೆ ಟೇಪು ಸುತ್ತಿದಳು. ಐದೂವರೆ. ನಿನ್ನೆ ಬೆಳಿಗ್ಗೆ ಗಂಡ ಬರೆದದ್ದು ಐದು; ಒಂದೇ ದಿನಕ್ಕೆ ಅರ್ಧ ಇಂಚು ಏರಿತ್ತು. ಅವಳು ಹೇಳಿದಂತೆ ಮಗಳು ಬ್ರೆಡ್ಡಿನೊಳಗೆ ಮಾತ್ರೆ ಇಟ್ಟು ಕೊಟ್ಟಳು. ನಾಯಿ ಮೂಸಿತು, ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿಯತೊಡಗಿತು.

"ಅತ್ತಿಗೆ, ಎಲ್ಲರೂ ಕಾಯ್ತಿದ್ದಾರೆ. ಅಣ್ಣನ್ನ ಎತ್ತಬೇಕು," ಎಂದ ಮೈದುನ, ಮೆಲ್ಲಗೆ.

ಅವಳು ತಿರುಗಲಿಲ್ಲ. ಪಿನ್ನಿನ ಸಂದಿಯಿಂದಲೇ ಹೇಳಿದಳು:

"ಒಂದ್ನಿಮಿಷ ಇರಿ. ಗಿರಾಕಿ ಇದ್ದಾರೆ."

ಆಮೇಲೆ ಸೀಮೆಸುಣ್ಣ ಹುಡುಕಿ, ಮೇಜಿನ ಕಾಲಿನ ಮೇಲೆ, ಗಂಡನ ದುಂಡನೆಯ ಅಂಕಿಗಳ ಸಾಲಿನ ಕೆಳಗೆ, ಸೊಟ್ಟಸೊಟ್ಟಗೆ ಬರೆದಳು: ಐದೂವರೆ.