ತೊಳೆದ ಮಂಜುಗಡ್ಡೆ

೧೯೧೨ರ ಜೂನ್ ೧೧, ಮಂಗಳವಾರ, ಯುರೋಪಿನ ಗಡಿಯಾರದ ಪ್ರಕಾರ ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ಹಾಜಿ ಅಬು ಸುಬ್ಹಿಯವರು ನನ್ನ ಕಾರ್ಖಾನೆಯ ಬಾಗಿಲಲ್ಲಿ ನಿಂತು, ಇಡೀ ಬೀದಿಗೆ ಕೇಳುವಂತೆ ನನ್ನನ್ನು ಕಳ್ಳನೆಂದರು.

“ಏನ್ ಹಕೀಮ್ರೇ, ಔಷಧಿ ಅಂಗಡೀಲಿ ಚಿಟಿಕೆ ಪುಡಿಗೂ ತಕ್ಕಡಿ ಹಿಡೀತಿದ್ರಿ. ಈಗ ಇಪ್ಪತ್ತು ಕಿಲೋ ಅಂತ ಹೇಳಿ ಹದಿನಾಲ್ಕು ಕಳಿಸ್ತೀರಾ?”

ಬೈರೂತಿನ ಕಾಲೇಜಿನಲ್ಲಿ ಔಷಧಶಾಸ್ತ್ರ ಓದಿ, ದಮಾಸ್ಕಸ್ಸಿನಲ್ಲಿ ಹನ್ನೊಂದು ವರ್ಷ ಔಷಧಿ ಅಂಗಡಿ ನಡೆಸಿದವನು ನಾನು. ಅದನ್ನು ಮಾರಿ ಮಂಜುಗಡ್ಡೆ ಮಾಡುವ ಜರ್ಮನ್ ಯಂತ್ರ ತರಿಸಿದ್ದೆ. ಅಲ್ಲಿಯವರೆಗೆ ಊರಿಗೆ ಬರುತ್ತಿದ್ದುದು ಹುಲ್ಲಿನಲ್ಲಿ ಸುತ್ತಿ ಹೇಸರಗತ್ತೆಗಳ ಮೇಲೆ ಹೇರಿದ ಬೆಟ್ಟದ ಹಿಮ. ಹಾಜಿಯವರದು ಊರಿನ ಅತಿ ದೊಡ್ಡ ಶರಬತ್ತಿನ ಅಂಗಡಿ. ಅವರು ಕೊಂಡದ್ದನ್ನೇ ಉಳಿದವರೂ ಕೊಳ್ಳುವರು. ಅವರು ಮತ್ತೆ ಬೆಟ್ಟದ ಹಿಮಕ್ಕೆ ಹೋದರೆ ನಾನು ಬಾಯ್ಲರಿನ ಬೆಂಕಿ ಆರಿಸಿ, ಇನ್ನೊಬ್ಬರ ಅಂಗಡಿಯಲ್ಲಿ ಪುಡಿ ಅರೆಯಬೇಕಾಗಿತ್ತು.

ಅವರೆದುರೇ ಒಂದು ಗಡ್ಡೆ ತೂಗಿದೆ. ಸರಿಯಾಗಿ ಇಪ್ಪತ್ತು.

“ಇಲ್ಲೇನೋ ಸರಿ ಇದೆ,” ಎಂದರು ಹಾಜಿ. “ನನ್ನಂಗಡೀಲಿ ಬಂದು ತೂಗಿ.”

ಗಾಡಿಯ ಹಿಂದೆಯೇ ನಡೆದು ಹೋದೆ. ಅಂಗಡಿಯಲ್ಲಿ ತೂಗಿದರೆ ಹತ್ತೊಂಬತ್ತು ಕಿಲೋ ಒಂಬೈನೂರು ಗ್ರಾಂ. ಇನ್ನೇನು ಗೆದ್ದೆ ಎನ್ನುವಷ್ಟರಲ್ಲಿ ಹಾಜಿಯವರ ಆಳು ದೀಬ್ ಗಡ್ಡೆಯನ್ನು ಒಡೆದು ಬುಟ್ಟಿಗೆ ತುಂಬಿ, ಅಂಗಳದ ಕಾರಂಜಿಯ ಕೆಳಗೆ ಹಿಡಿದ. ಹಾಡು ಬೇರೆ ಗುನುಗುತ್ತಿದ್ದ.

“ಏನೋ ಮಾಡ್ತಿದೀಯ?”

“ತೊಳೀತಿದೀನಿ ಹಕೀಮ್ರೇ. ತೊಳೆದ ಮೇಲೇ ನಾವು ತೂಗೋದು.”

“ಯಾಕೋ?”

“ಯಾಕೆ ಅಂದ್ರೆ? ತೊಳೀದೆ ಯಾರಾದ್ರೂ ಲೋಟಕ್ಕೆ ಹಾಕ್ತಾರಾ?”

ಬೆಟ್ಟದ ಹಿಮದಲ್ಲಿ ಹುಲ್ಲು, ಮಣ್ಣು, ಒಮ್ಮೊಮ್ಮೆ ಹೇಸರಗತ್ತೆಯ ಕೂದಲೂ ಇರುತ್ತದೆ, ಅದನ್ನು ತೊಳೆಯಲೇಬೇಕು. ನನ್ನದು ಕುದಿಸಿ ಸೋಸಿದ ನೀರಿನಿಂದ ಮಾಡಿದ ಗಡ್ಡೆ.

“ಇದ್ರಲ್ಲಿ ಏನಿದೆ ಅಂತ ತೊಳೀತೀಯ?” ಎಂದೆ.

ದೀಬ್ ಒಂದು ತುಂಡನ್ನು ಬಿಸಿಲಿಗೆ ಹಿಡಿದು ಕಣ್ಣು ಕಿರಿದು ಮಾಡಿದ. “ಏನೂ ಕಾಣ್ತಿಲ್ಲ.”

“ಅದನ್ನೇ ಕಣಯ್ಯಾ ನಾನೂ ಹೇಳ್ತಿರೋದು!”

ಹಾಜಿಯವರು ನಕ್ಕರು. “ಕಣ್ಣಿಗೆ ಕಾಣದ ಕೊಳಕೇ ಜಾಸ್ತಿ ಅಪಾಯ ಅಂತ, ಕಾಲರಾ ಬಂದಾಗ ಬೀದಿಬೀದೀಲಿ ಭಾಷಣ ಮಾಡಿದ್ದು ನೀವೇ ತಾನೆ?”

ಕಾರಂಜಿಯ ನೀರಿಗೆ ಉಷ್ಣಮಾಪಕ ಹಾಕಿ ತೋರಿಸಿದೆ: ಹದಿನೇಳು ಡಿಗ್ರಿ. ಆ ನೀರಿನ ಶಾಖವೇ ಆರು ಕಿಲೋ ಗಡ್ಡೆಯನ್ನು ನುಂಗುತ್ತಿದೆ ಎಂದು ವಿವರಿಸಿದೆ. ಜ್ವರದಲ್ಲಿ ಬಡಬಡಿಸುವವನ ಮಾತನ್ನು ಕೇಳುವಂತೆ ಅವರು ಕೇಳಿಸಿಕೊಂಡರು.

“ನೋಡಿ ಹಕೀಮ್ರೇ, ನಮ್ಮಪ್ಪ ತೊಳೀತಿದ್ರು. ತೊಳೆಯೋದನ್ನ ಕಣ್ಣಾರೆ ನೋಡಿದ್ರೇನೇ ಗಿರಾಕಿ ಬೆಂಚಿನ ಮೇಲೆ ಕೂರೋದು. ತೊಳೆಯೋದಂತೂ ಬಿಡಲ್ಲ. ಶನಿವಾರದೊಳಗೆ ತೂಕ ಸರಿ ಮಾಡಿ. ಆಗಲ್ಲ ಅಂದ್ರೆ ಬೆಟ್ಟದವ್ರಿಗೆ ಹೇಳಿ ಕಳಿಸ್ತೀನಿ.”

ಮೂರು ದಿನ ಮನೆಯಲ್ಲಿ ಎಲ್ಲರ ಮೇಲೂ ರೇಗಾಡಿದೆ. ಶುದ್ಧವಾದದ್ದನ್ನು ಶುದ್ಧ ಮಾಡುವುದಕ್ಕೆಂದು ನಾನು ಓದಿರಲಿಲ್ಲ. ಆದರೆ ವಾದದಿಂದ ಬಾಯ್ಲರ್ ಉರಿಯುವುದಿಲ್ಲ.

ಶನಿವಾರ ಗಡ್ಡೆಯ ಜೊತೆ ನಲ್ಲಿಯಿದ್ದ ಒಂದು ಪೀಪಾಯಿಯನ್ನೂ ಗಾಡಿಯಲ್ಲಿ ಒಯ್ದೆ. ಅದರೊಳಗೆ ಕುದಿಸಿ ಆರಿಸಿದ ನೀರು, ನೀರಿನ ತುಂಬ ಮಂಜಿನ ಪುಡಿ. ಉಷ್ಣಮಾಪಕ ಸೊನ್ನೆಯಲ್ಲಿ ನಿಂತಿತ್ತು. ಮೊದಲು ಗಡ್ಡೆಯನ್ನು ಅಂಗಡಿಯ ತಕ್ಕಡಿಯಲ್ಲಿ ತೂಗಿದೆವು.

“ತೊಳಿಯೋ, ನಿನ್ನ ಮನಸ್ಸು ತಣಿಯೋವರೆಗೂ ತೊಳಿ,” ಎಂದೆ.

ದೀಬ್ ಇನ್ನಿಲ್ಲದ ಭಕ್ತಿಯಿಂದ ತೊಳೆದ. ಗಿರಾಕಿಗಳು ಕತ್ತು ಚಾಚಿ ನೋಡಿದರು. ನೀರು ಬಸಿದ ಮೇಲೆ ಬುಟ್ಟಿಯ ಭಾರ ಕಳೆದು ತೂಗಿದೆವು.

ಹಾಜಿಯವರು ತಕ್ಕಡಿಗೆ ಬಗ್ಗಿ ನೋಡಿ, ನೆಟ್ಟಗಾಗಿ, ನನ್ನ ಬೆನ್ನು ತಟ್ಟಿದರು. “ನೋಡಿದ್ರಾ! ಸರಿಯಾಗಿ ತೊಳೆದ್ರೆ ಬರಕತ್ತು ಬರತ್ತೆ. ತೊಳೀಬೇಡಿ ಅಂತಿದ್ರಲ್ಲ ನೀವು! ಚಳಿಗಾಲದವರೆಗೂ ದಿನಾ ಕಳಿಸಿ, ಪೀಪಾಯಿ ಸಮೇತ.”

ಗಡ್ಡೆಯ ಒಳಭಾಗ ಸೊನ್ನೆಗಿಂತ ತಣ್ಣಗಿತ್ತು, ಅದಕ್ಕೇ ಪೀಪಾಯಿಯ ನೀರು ತುಸು ಅದರ ಮೈಮೇಲೆ ಹೆಪ್ಪುಗಟ್ಟಿತ್ತು ಎಂದು ಹೇಳಲು ಬಾಯಿ ತೆರೆದೆ. ಬೆಂಚಿನ ಮೇಲಿದ್ದವರೆಲ್ಲ ಹಾಜಿಯವರ ಮಾತಿಗೆ ತಲೆದೂಗುತ್ತಿದ್ದರು. ಬಾಯಿ ಮುಚ್ಚಿಕೊಂಡೆ.

ತೊಳೆಯುವ ಮೊದಲು ಹತ್ತೊಂಬತ್ತು ಕಿಲೋ ಒಂಬೈನೂರು ಗ್ರಾಂ ಇದ್ದದ್ದು, ತೊಳೆದ ಮೇಲೆ ಇಪ್ಪತ್ತು ಕಿಲೋ ಇನ್ನೂರ ನಲವತ್ತು ಗ್ರಾಂ ಆಗಿತ್ತು.