ಕಾಲಿಗೆ ತಿಳಿಯದ ಗೇರು

ಅಜ್ಜಂಪುರದ ರೈಲ್ವೆ ಗೇಟಿನ ನಡುವೆ ತೀರ್ಥಪ್ಪನ ಬುಲೆಟ್ ನಿಂತುಹೋದಾಗ ಬೆಳಿಗ್ಗೆ ಹತ್ತು ಗಂಟೆ. ಗೇಟಿನವನು ಗೇಟು ಎಳೆಯಲು ಕೈ ಹಾಕಿದ್ದ. "ಬೇಗ ದಾಟಿ ತೀರ್ಥಪ್ನೋರೆ, ರೈಲು ಶಿವನಿ ಸ್ಟೇಷನ್ ಬಿಟ್ಟಿದೆ" ಅಂತ ಕೂಗಿದ. ತೀರ್ಥಪ್ಪ ಗೇರು ಇಳಿಸಿ ಕ್ಲಚ್ ಬಿಟ್ಟ. ಫಸ್ಟ್ ಗೇರಿನಲ್ಲಿದೆ ಅಂದುಕೊಂಡಿದ್ದ, ಆದರೆ ಗಾಡಿ ಇದ್ದದ್ದು ಮೂರನೆಯದರಲ್ಲಿ. ಬುಲೆಟ್ ಒಂದು ಸಲ ನಡುಗಿ, ಹಳಿಗಳ ಮಧ್ಯೆ ಸತ್ತು ನಿಂತಿತು.

ಲಿವರನ್ನು ಬಲಗಾಲಿನಲ್ಲಿ ಒತ್ತಿದ. ಅದು ಇಳಿಯಿತೋ ಇಲ್ಲವೋ ಗೊತ್ತಾಗಲಿಲ್ಲ. ಎತ್ತಿದ. ಎದ್ದಿತೋ ಇಲ್ಲವೋ ಅದೂ ಗೊತ್ತಾಗಲಿಲ್ಲ. ಕಿಕ್ ಹೊಡೆದರೆ ಗಾಡಿ ಮುಂದಕ್ಕೆ ಜಿಗಿದು ಮತ್ತೆ ನಿಂತಿತು. ದೂರದಲ್ಲಿ ಇಂಜಿನ್ನಿನ ಹೊಗೆ ಕಾಣುತ್ತಿತ್ತು. ಗೇಟಿನವನು ಓಡಿಬಂದು, "ಕ್ಲಚ್ ಹಿಡೀರಿ, ಕ್ಲಚ್ ಹಿಡೀರೀ!" ಅಂತ ಕಿರುಚುತ್ತಾ ಹಿಂದಿನಿಂದ ತಳ್ಳಿದ. ಎರಡು ಕಡೆ ಸ್ಪ್ಯಾನರು, ವಾಲ್ವು, ಪೈಪಿನ ತುಂಡು ತುಂಬಿದ ಚೀಲಗಳ ಸಮೇತ ಗಾಡಿಯನ್ನು ಹಳಿ ದಾಟಿಸಿ ಇಬ್ಬರೂ ಮಣ್ಣಿನ ಮೇಲೆ ಕೂತರು. ರೈಲು ಹೋಯಿತು.

"ಕುಡಿದಿದ್ದೀರಾ?" ಗೇಟಿನವನು ಕೇಳಿದ.

ತೀರ್ಥಪ್ಪ ಹುಟ್ಟಿದಾಗಿನಿಂದ ಹೆಂಡ ಮುಟ್ಟಿದವನಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು, ಮಠದ ದಾಸೋಹದಲ್ಲಿ ಕೈಯಾರೆ ಬಡಿಸಿದವನು. "ಹೂಂ, ಸ್ವಲ್ಪ" ಅಂದ. ನಿಜ ಹೇಳುವುದಕ್ಕಿಂತ ಅದೇ ವಾಸಿ ಅನ್ನಿಸಿತು.

ನಿಜ ಏನೆಂದರೆ ಅವನ ಬಲಗಾಲು ಮೊಣಕಾಲಿನಿಂದ ಕೆಳಗೆ ಸತ್ತಿತ್ತು. ಏಳು ವರ್ಷದ ಹಿಂದೆ, ಎಪ್ಪತ್ತಾರನೇ ಇಸವಿಯಲ್ಲಿ, ಮೀನಖಂಡದ ಮೇಲೆ ಒಂದು ಮಚ್ಚೆ ಬಂದಿತ್ತು. ಚಿವುಟಿದರೆ ತಿಳಿಯುತ್ತಿರಲಿಲ್ಲ. ಎರಡು ವರ್ಷ ಎಣ್ಣೆ ಹಚ್ಚಿದ. ಆಮೇಲೆ ಯಾರ ಕಣ್ಣಿಗೂ ಬೀಳಬಾರದೆಂದು ದಾವಣಗೆರೆ ದಾಟಿ ದೂರದ ಒಂದು ಆಸ್ಪತ್ರೆಗೆ ಹೋಗಿ ಬೇರೆ ಹೆಸರು ಬರೆಸಿದ. ಕುಷ್ಠ ಅಂದರು. ಮಾತ್ರೆ ನುಂಗಿದ. ಕಾಯಿಲೆ ಹೋಗಿದೆ, ಇನ್ನು ಯಾರಿಗೂ ಅಂಟುವುದಿಲ್ಲ, ಆದರೆ ನರ ಮಾತ್ರ ವಾಪಸ್ ಬರಲ್ಲ ಅಂತ ಡಾಕ್ಟರು ಹೇಳಿ ಕಳಿಸಿದರು. ಇದು ಗೊತ್ತಿದ್ದದ್ದು ಹೆಂಡತಿ ಕರಿಬಸಮ್ಮನಿಗೆ ಒಬ್ಬಳಿಗೇ.

ಅವನ ಕಸುಬು ಪಂಪ್‌ಸೆಟ್ ರಿಪೇರಿ. ಅಜ್ಜಂಪುರದಿಂದ ತರೀಕೆರೆವರೆಗೆ, ಇತ್ತ ಕಡೂರಿನವರೆಗೆ, ಮೂವತ್ತು ಮೂವತ್ತೈದು ಹಳ್ಳಿ. ದಿನಕ್ಕೆ ಎಪ್ಪತ್ತು ಎಂಬತ್ತು ಮೈಲಿ ಬುಲೆಟ್ ಮೇಲೇ. ಬಸ್ಸಿನಲ್ಲಿ ಹೋಗುವ ಕೆಲಸ ಅಲ್ಲ ಅದು. ಎಡಗಾಲು ಬ್ರೇಕಿಗೆ, ಬಲಗಾಲು ಗೇರಿಗೆ. ಬುಲೆಟ್ಟಿನಲ್ಲಿ ಹಿಮ್ಮಡಿಯಿಂದ ಒತ್ತುವ ಸಣ್ಣ ನ್ಯೂಟ್ರಲ್ ಲಿವರ್ ಒಂದಿದೆ, ಗೇರು ಬದಲಾದ ಹಾಗೆ ಅದೂ ಜಾಗ ಬದಲಿಸುತ್ತದೆ. ಎರಡು ವರ್ಷದಿಂದ ಬಗ್ಗಿ ಅದನ್ನೇ ನೋಡಿಕೊಂಡು ಗೇರು ತಿಳಿಯುತ್ತಿದ್ದ. ಹಾಗೆ ಬಗ್ಗಿ ನೋಡುವಾಗಲೇ ಎರಡು ಸಲ ರಸ್ತೆ ಬಿಟ್ಟು ಚರಂಡಿಗೆ ಇಳಿದಿದ್ದ. ಈಗ ಹಳಿಯ ಮೇಲೆ.

ಅಲ್ಲಿಂದ ಅವನು ಮನೆಗೆ ಹೋಗಲಿಲ್ಲ. ಇಡೀ ದಾರಿ ಎರಡನೇ ಗೇರಿನಲ್ಲೇ ಗೊಳೋ ಅನ್ನಿಸಿಕೊಂಡು ಕಡೂರಿಗೆ ಬಂದು, ಬಸ್ ಸ್ಟ್ಯಾಂಡ್ ಹಿಂದಿನ ರೇಡಿಯೋ ರಿಪೇರಿ ಅಂಗಡಿಯ ಮುಂದೆ ನಿಲ್ಲಿಸಿದ. ಅಂಗಡಿ ಓಂಕಾರಮೂರ್ತಿಯದು, ಕರಿಬಸಮ್ಮನ ತಮ್ಮ. ಮನೆ ಅಂಗಡಿಗೆ ಅಂಟಿಕೊಂಡೇ ಇತ್ತು.

"ಮೂರ್ತಿ, ಗಾಡಿ ಯಾವ ಗೇರಲ್ಲಿದೆ ಅಂತ ಕಣ್ಣೆದುರಿಗೆ ಕಾಣೋ ಹಾಗೆ ಏನಾದ್ರೂ ಮಾಡೋಕಾಗುತ್ತಾ?"

"ಯಾಕೆ ಭಾವ? ಕಾಲಿಗೇ ಗೊತ್ತಾಗುತ್ತಲ್ಲ."

"ಏನೋ ಯೋಚನೇಲಿ ಮರ್ತುಹೋಗುತ್ತೆ ಕಣೋ. ವಯಸ್ಸಾಯ್ತು."

"ನಲವತ್ತೆರಡಕ್ಕೇ?" ಮೂರ್ತಿ ನಕ್ಕ. ಆದರೆ ಕೆಲಸ ಅವನಿಗೆ ಹಿಡಿಸಿತು. ಗಡಿಯಾರ ಮಾಡಬೇಕೆಂದು ಬೆಂಗಳೂರಿನಿಂದ ತರಿಸಿದ್ದ ಡಿಜಿಟಲ್ ಅಂಕಿ ಬೀರುವಿನಲ್ಲಿತ್ತು. ಬೆರಳಿನ ತುದಿಯಷ್ಟು ಕಪ್ಪು ತುಂಡು. ಏಳು ಗೆರೆ, ಬೇಕಾದ ಗೆರೆಗೆ ಕರೆಂಟು ಕೊಟ್ಟರೆ ಬೇಕಾದ ಅಂಕಿ ಕೆಂಪಗೆ ಉರಿಯುತ್ತದೆ. ನ್ಯೂಟ್ರಲ್ ಲಿವರಿಗೆ ತಾಮ್ರದ ಒಂದು ಪಟ್ಟಿ ಕಟ್ಟಿ, ಅದು ಒರೆಸಿಕೊಂಡು ಹೋಗುವ ಕಡೆ ಐದು ತಾಮ್ರದ ಗುಂಡಿ ಕೂರಿಸಿದರೆ ಸೊನ್ನೆಯಿಂದ ನಾಲ್ಕರವರೆಗೆ ತೋರಿಸಬಹುದು. ಮೂರ್ತಿ ಆ ದಿನವೇ ಕಾಗದದ ಮೇಲೆ ಗೆರೆ ಎಳೆದ. ಗಾಡಿಯನ್ನು ಒಳಗಿನ ಅಂಗಳಕ್ಕೆ ತಳ್ಳಿಸಿಕೊಂಡ.

ಮಾರನೇ ದಿನ ಮಧ್ಯಾಹ್ನಕ್ಕೆ ತಾಮ್ರದ ಗುಂಡಿಗಳು ಕೂತವು. ಅಂಕಿಯನ್ನು ತಾತ್ಕಾಲಿಕವಾಗಿ ಹ್ಯಾಂಡಲಿಗೆ ಕಟ್ಟಿದ. ಮೂರ್ತಿಯ ಹೆಂಡತಿ ಮಲ್ಲಿಕಾಂಬ ಒಳಗೆ ಕಾಫಿ ಕಾಯಿಸುತ್ತಿದ್ದಳು. ಎಂಟು ತಿಂಗಳ ಮಗು ಅದುವರೆಗೆ ತೀರ್ಥಪ್ಪನ ತೊಡೆಯ ಮೇಲೇ ಇದ್ದದ್ದು, ಈಗ ಅವಳ ಸೊಂಟದ ಮೇಲಿತ್ತು.

"ಇಂಜಿನ್ ಓಡ್ತಾ ಇರಲಿ ಭಾವ. ನೀವು ಕೂತ್ಕೊಂಡು ಗೇರು ಹಾಕ್ತಾ ಹೋಗಿ, ನಾನು ಅಂಕಿ ನೋಡ್ತೀನಿ."

ಗಾಡಿ ದೊಡ್ಡ ಸ್ಟ್ಯಾಂಡಿನ ಮೇಲಿತ್ತು. ಮನೆಯೊಳಗಿನ ಅಂಗಳವಾದ್ದರಿಂದ ತೀರ್ಥಪ್ಪ ಬೂಟು ಬಾಗಿಲಲ್ಲಿ ಬಿಟ್ಟು ಬರಿಗಾಲಲ್ಲಿದ್ದ. ಹಾಗೇ ಹತ್ತಿ ಕೂತ. ಸೊನ್ನೆ. ಒಂದು. ಎರಡು. ಮೂರು ಬರಲಿಲ್ಲ. ಮೂರ್ತಿ ಬಗ್ಗಿ ಒಂದು ತಂತಿ ಬೆಸೆಯುತ್ತಿದ್ದಾಗ ಸುಟ್ಟ ವಾಸನೆ ಬಂತು. ವೈರು ಸುಡುತ್ತಿದೆ ಅಂದುಕೊಂಡು ಅಂಕಿಗೆ ಹೋಗುವ ಬ್ಯಾಟರಿ ತಂತಿ ಕಿತ್ತ. ವಾಸನೆ ನಿಲ್ಲಲಿಲ್ಲ. ವೈರಿನ ವಾಸನೆಯೂ ಅಲ್ಲ ಅದು.

ಮೂರ್ತಿ ಕೆಳಗೆ ನೋಡಿದ. ಭಾವನ ಬರಿಯ ಪಾದ ಸೈಲೆನ್ಸರ್ ಪೈಪಿಗೆ ಒತ್ತಿಕೊಂಡಿತ್ತು. ಚರ್ಮ ಸುಲಿದು ಪೈಪಿಗೆ ಅಂಟಿತ್ತು. ಭಾವ ಹ್ಯಾಂಡಲ್ ಮೇಲಿನ ಅಂಕಿಯನ್ನೇ ನೋಡುತ್ತಾ, "ಮೂರು ಬರ್ತಾ ಇಲ್ವಲ್ಲೋ" ಅನ್ನುತ್ತಿದ್ದ.

"ಭಾವ, ಕಾಲು!"

ತೀರ್ಥಪ್ಪ ಕಾಲು ನೋಡಿದ. ಆಮೇಲೆ ಮೂರ್ತಿಯ ಮುಖ ನೋಡಿದ. ಇಂಜಿನ್ ಆರಿಸಿದ. ಕಾಲನ್ನು ಕೈಯಿಂದ ಎತ್ತಿ ಈಚೆಗಿಟ್ಟ, ಬೇರೆಯವರ ಸಾಮಾನು ಎತ್ತಿಟ್ಟ ಹಾಗೆ.

ಮೂರ್ತಿ ಎರಡು ಹೆಜ್ಜೆ ಹಿಂದೆ ಸರಿದ. "ಎಷ್ಟು ವರ್ಷ ಆಯ್ತು?"

"ಏಳು."

"ಅಕ್ಕಂಗೆ?"

"ಅವಳಿಗೆ ಗೊತ್ತು. ಅವಳಿಗೆ ಏನೂ ಬಂದಿಲ್ಲ ಕಣೋ. ನನ್ನದೂ ವಾಸಿಯಾಗಿದೆ. ಡಾಕ್ಟ್ರು ಬರೆದುಕೊಟ್ಟಿದಾರೆ…"

ಮಲ್ಲಿಕಾಂಬ ಕಾಫಿ ಲೋಟ ಹಿಡಿದು, ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. "ಅಲ್ಲೇ ಇರು! ಬರಬೇಡ!" ಮೂರ್ತಿ ಕೂಗಿದ ರಭಸಕ್ಕೆ ಮಗು ಬೆಚ್ಚಿ ಅತ್ತಿತು.

ತೀರ್ಥಪ್ಪ ಸುಟ್ಟ ಕಾಲಿಗೇ ಬೂಟು ಹಾಕಿ ಲಾಡಿ ಬಿಗಿದು, ಗಾಡಿಯನ್ನು ಅಲ್ಲೇ ಬಿಟ್ಟು, ಬಸ್ ಸ್ಟ್ಯಾಂಡಿನ ಕಡೆ ಕುಂಟದೆ ನಡೆದುಹೋದ. ನೋವಿಲ್ಲದವನು ಕುಂಟುವುದಾದರೂ ಹೇಗೆ?

ಮೂರ್ತಿ ಡೆಟಾಲ್ ಹಾಕಿ ಅಂಗಳ ತೊಳೆದ. ಭಾವ ಕೂತ ಬೆಂಚು ಉಜ್ಜಿದ. ಮಗುವನ್ನು ಬಿಚ್ಚಿ ಮೈಯೆಲ್ಲಾ ಹುಡುಕಿದ. ಏನು ಹುಡುಕಬೇಕು ಅಂತಲೂ ಅವನಿಗೆ ಗೊತ್ತಿರಲಿಲ್ಲ. ಹತ್ತು ದಿನ ಬುಲೆಟ್ ಅಂಗಳದಲ್ಲಿ ತಂತಿ ಜೋತುಬಿಟ್ಟುಕೊಂಡು ನಿಂತಿತ್ತು. ಅವನು ಆ ಕಡೆ ತಲೆ ಹಾಕಲಿಲ್ಲ.

ಹನ್ನೊಂದನೇ ದಿನ ಬೆಳಗಿನ ಬಸ್ಸಿಗೆ ಕರಿಬಸಮ್ಮ ಬಂದಳು. ಮನೆಯೊಳಗೆ ಹೋಗದೆ ಅಂಗಡಿಯ ಕೌಂಟರ್ ಎದುರು ಗಿರಾಕಿಯ ಹಾಗೆ ನಿಂತಳು.

"ಗಾಡಿ ಕೊಟ್ಬಿಡು. ನಂಬರ್ರು ಬೇಡ, ಏನೂ ಬೇಡ. ಗಾಡಿ ಕೊಡು."

"ಅಕ್ಕ, ನೀನಾದ್ರೂ ಒಂದು ಮಾತು ಹೇಳಬಹುದಿತ್ತು. ನನ್ನ ಮಗೂನ ತೊಡೆ ಮೇಲೆ ಕೂರಿಸ್ಕೊಂಡಿದ್ರು."

ಕರಿಬಸಮ್ಮ ಎರಡೂ ಕೈ ಚಾಚಿ ಕೌಂಟರ್ ಮೇಲಿಟ್ಟಳು. "ಏಳು ವರ್ಷ ಅವರ ಪಕ್ಕದಲ್ಲೇ ಮಲಗಿದೀನಿ. ನೋಡು. ಚುಚ್ಚಿ ನೋಡು."

ಅವಳೇ ಕರೆಂಟು ಅಳೆಯುವ ಮೀಟರಿನ ಸೂಜಿ ಎಳೆದುಕೊಂಡು ಅಂಗೈಗೆ ಚುಚ್ಚಿಕೊಂಡಳು. ರಕ್ತದ ಹನಿ ಕಂಡಿತು. "ಉರಿಯುತ್ತೆ ಕಣೋ. ಚೆನ್ನಾಗೇ ಉರಿಯುತ್ತೆ. ಇಲ್ಲಿ ಚುಚ್ಚಲಾ? ಇಲ್ಲಿ?"

"ಅಕ್ಕ, ಬಿಡು!"

"ಮೊನ್ನೆ ಬುಕ್ಕಾಂಬುಧಿ ಕೆರೆ ಏರಿ ಮೇಲೆ ಹೋಗಿ ಕೂತಿದ್ರು. ಬೆಳಿಗ್ಗೆಯಿಂದ ಸಾಯಂಕಾಲದವರೆಗೆ. ಬೂಟು ಬಿಚ್ಚಿ ಪಕ್ಕಕ್ಕಿಟ್ಟಿದ್ರಂತೆ. ಪುಟ್ಟಯ್ಯ ಅಂತ ನಮ್ಮ ಬೀದಿಯವನು ನೋಡಿ ಕರ್ಕೊಂಡು ಬಂದ. ಇನ್ನೊಂದು ಸಲ ಯಾರು ನೋಡ್ತಾರೆ ಹೇಳು?" ಅವಳು ಅಂಗೈಯ ರಕ್ತ ಸೆರಗಿಗೆ ಒರೆಸಿಕೊಂಡಳು. "ಅವರಿಗೆ ಗೊತ್ತಿರೋದು ಅದೊಂದೇ ಕಸುಬು ಮೂರ್ತಿ. ಗಾಡಿ ಇಲ್ಲದೆ ಅವರು ಉಳಿಯಲ್ಲ. ಗಾಡಿ ಮೇಲೂ ಉಳಿಯಲ್ಲ, ಅದೂ ಗೊತ್ತು ನಂಗೆ."

ಅವಳು ಡಾಕ್ಟರ ಚೀಟಿ ಕೌಂಟರ್ ಮೇಲೆ ಬಿಟ್ಟು, ತಾನು ಬಂದ ಬಸ್ಸಿಗೇ ಹೊರಟುಹೋದಳು. ಮೂರ್ತಿ ಚೀಟಿ ಓದಿದ. ಕಡೂರಿನಲ್ಲೇ ತನಗೆ ಪರಿಚಯವಿದ್ದ ಒಬ್ಬ ಡಾಕ್ಟರಿಗೆ ತೋರಿಸಿ, ಯಾರದೆಂದು ಹೇಳದೆ ಕೇಳಿದ. ಚೀಟಿ ನಿಜ, ಅಂಟುವುದಿಲ್ಲ ಅಂದರು. ಆದರೂ ವಾಪಸ್ ಬಂದು ಗಾಡಿಯ ಪಕ್ಕ ಕೂತಾಗ ಅವನ ಕೈ ಮುಂದೆ ಹೋಗಲು ಕಾಲು ಗಂಟೆ ಹಿಡಿಯಿತು. ಪೈಪಿನ ಮೇಲೆ ಒಣಗಿದ್ದ ಚರ್ಮವನ್ನು ಮೊದಲು ಉಜ್ಜಿ ತೆಗೆದ. ಅದನ್ನು ಉಜ್ಜುವಾಗ ಅತ್ತ.

ಎರಡು ದಿನದಲ್ಲಿ ಮೂರು ಬಂತು, ನಾಲ್ಕೂ ಬಂತು. ಬಿಸಿಲಿಗೆ ಅಂಕಿ ಕಾಣದೆ ಹೋದಾಗ ಹಳೇ ಟಾರ್ಚಿನ ಮುಂಭಾಗ ಕತ್ತರಿಸಿ ನೆರಳಿಗೆ ಗೂಡು ಮಾಡಿದ. ಗಾಡಿಯ ಅದುರಾಟಕ್ಕೆ ಬೆಸುಗೆ ಬಿಡದ ಹಾಗೆ ಬೋರ್ಡಿನ ಕೆಳಗೆ ಸೈಕಲ್ ಟ್ಯೂಬಿನ ತುಂಡು ಹಾಸಿದ. ಭಾವನಿಗಾಗಿ ಅವನು ಬೇರೇನೂ ಮಾಡಲಾರದವನಾಗಿದ್ದ, ಆದ್ದರಿಂದ ಬೆಸೆದದ್ದನ್ನೇ ಮತ್ತೆ ಮತ್ತೆ ಬೆಸೆದ.

ಹೇಳಿ ಕಳಿಸಿದ ಮೇಲೆ ತೀರ್ಥಪ್ಪ ಬಂದು ಬೀದಿಯಲ್ಲೇ ನಿಂತ. ಒಳಗೆ ಕರೆದರೂ ಬರಲಿಲ್ಲ. ಮೂರ್ತಿ ಗಾಡಿಯನ್ನು ಹೊರಗೆ ತಳ್ಳಿಕೊಂಡು ಬಂದ. "ಬೀರೂರಿನವರೆಗೆ ನೋಡಿ ಬರೋಣ ನಡೀರಿ" ಅಂದು ಹಿಂದಿನ ಸೀಟಿಗೆ ಹತ್ತಿದ.

"ನೀನು ಕೂತ್ಕೋತೀಯಾ?"

"ಅಂಕಿ ಸರೀಗೆ ಬರುತ್ತೋ ಇಲ್ವೋ ನೋಡ್ಬೇಕಲ್ಲ ಭಾವ."

ರಸ್ತೆಯಲ್ಲಿ ಒಂದು, ಎರಡು, ಮೂರು ಕೆಂಪಗೆ ಬಂದವು. ತೀರ್ಥಪ್ಪ ಎರಡು ವರ್ಷದ ನಂತರ ತಲೆ ಎತ್ತಿ ಗಾಡಿ ಓಡಿಸಿದ. ಅವನ ಬೆನ್ನು ಅದುರುತ್ತಿತ್ತು. ಇಂಜಿನ್ನಿನ ಅದುರಾಟವೋ ಅಳುವೋ ಮೂರ್ತಿಗೆ ತಿಳಿಯಲಿಲ್ಲ. ಬೀಳದ ಹಾಗೆ ಭಾವನ ಹೆಗಲು ಹಿಡಿದುಕೊಂಡ.

ಮೂರು ತಿಂಗಳು ಎಲ್ಲ ಸರಿಯಿತ್ತು. ಹೋದ ಕಡೆಯಲ್ಲೆಲ್ಲಾ ಜನ ಅಂಕಿ ನೋಡಲು ಸೇರುತ್ತಿದ್ದರು. "ಶೋಕಿ ಕಣ್ರೀ, ಬಾಮೈದ ಮಾಡಿಕೊಟ್ಟ" ಅನ್ನುತ್ತಿದ್ದ. ಬೇಸಿಗೆಯಲ್ಲಿ ಬುಕ್ಕಾಂಬುಧಿಯ ಸೋಮಶೇಖರಪ್ಪನ ತೋಟದ ಬಾವಿಯ ಪಂಪು ಕೆಟ್ಟಿತು. ತೀರ್ಥಪ್ಪ ನೀರಿನಲ್ಲಿ ಮುಳುಗಿದ್ದ ಪೈಪಿನ ತುದಿಯ ಫುಟ್ ವಾಲ್ವ್ ಮೇಲೆತ್ತಿ ಬಿಚ್ಚಿ ಗೋಣಿಯ ಮೇಲೆ ಹರಡಿದ್ದ. ಸೋಮಶೇಖರಪ್ಪ ಬುಲೆಟ್ಟಿನ ಟ್ಯಾಂಕ್ ತಟ್ಟುತ್ತಾ ಹೇಳಿದ:

"ನನ್ನ ಅಳಿಯನೂ ಬುಲೆಟ್ ಓಡಿಸ್ತಾನೆ. ಅವನಿಗೆ ನಂಬರ್ರು ಬೇಕಾಗಿಲ್ಲ. ಗೇಟಿನೋನು ಹೇಳ್ತಿದ್ದ, ನೀನು ಕುಡಿದು ಗಾಡಿ ಹತ್ತುತ್ತೀಯಂತೆ. ಗೇರು ಗೊತ್ತಾಗದೆ ಇದನ್ನ ಹಾಕಿಸ್ಕೊಂಡಿದೀಯ, ಅಲ್ವಾ? ಕುಡಿದೋನನ್ನ ನಾನು ಬಾವಿಗಿಳಿಸಲ್ಲಪ್ಪ. ಸತ್ತರೆ ನನ್ನ ತಲೆಗೆ."

ಸುತ್ತ ಐದಾರು ಜನ ಇದ್ದರು. ಹೌದು ಅಂದರೆ ಕೆಲಸ ಹೋಗುತ್ತದೆ. ಇಲ್ಲ ಅಂದರೆ ಮತ್ತೆ ಯಾಕೆ ಅನ್ನುತ್ತಾರೆ. ತೀರ್ಥಪ್ಪನಿಗೆ ಸುಳ್ಳು ಹುಡುಕಿ ಹುಡುಕಿ ಸಾಕಾಗಿತ್ತು.

"ನಾನು ಕುಡಿಯಲ್ಲ" ಅಂದ. "ಕಾಲು ಸತ್ತಿದೆ. ಕುಷ್ಠ ಬಂದಿತ್ತು. ವಾಸಿಯಾಗಿದೆ, ಯಾರಿಗೂ ಅಂಟಲ್ಲ. ಕಾಲು ಮಾತ್ರ ವಾಪಸ್ ಬರಲಿಲ್ಲ."

ಸೋಮಶೇಖರಪ್ಪನ ಕೈ ಟ್ಯಾಂಕಿನಿಂದ ಈಚೆ ಬಂತು. ಅದನ್ನು ಪಂಚೆಗೆ ಒರೆಸಿಕೊಂಡ. ಯಾರೂ ಬಯ್ಯಲಿಲ್ಲ, ಯಾರೂ ಕಲ್ಲೆಸೆಯಲಿಲ್ಲ. ಸೋಮಶೇಖರಪ್ಪನೇ ಮೆಲ್ಲಗೆ, "ಅದನ್ನ ಹಂಗೇ ಬಿಡಪ್ಪ. ತರೀಕೆರೆಯಿಂದ ಯಾರನ್ನಾದ್ರೂ ಕರೆಸ್ಕೋತೀವಿ" ಅಂದ. ವಾಲ್ವು ಬಿಚ್ಚಿದ ಹಾಗೇ ಗೋಣಿಯ ಮೇಲೆ ಉಳಿಯಿತು.

ವಾರದಲ್ಲಿ ಸುದ್ದಿ ಎಲ್ಲ ಕಡೆ ಮುಟ್ಟಿತು. ಬೇಸಿಗೆಯ ನಟ್ಟನಡುವೆ, ಪ್ರತಿ ಬಾವಿಯ ಪಂಪೂ ಕೆಡುವ ಕಾಲದಲ್ಲಿ, ತೀರ್ಥಪ್ಪನನ್ನು ಕರೆಯಲು ಯಾರೂ ಬರಲಿಲ್ಲ. ಕರಿಬಸಮ್ಮನನ್ನು ನಲ್ಲಿಯ ಹತ್ತಿರ ಎಲ್ಲರೂ ಮುಗಿಸುವವರೆಗೆ ನಿಲ್ಲಿಸಿದರು. ಅವಳು ಗಂಡನನ್ನು ಕಣ್ಣಿಗೆ ಕಾಣದ ಕಡೆ ಬಿಡುತ್ತಿರಲಿಲ್ಲ. ಅವನು ಕಕ್ಕಸಿಗೆ ಹೋದರೂ ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದಳು. ಅವನು ದಿನಾ ಗಾಡಿ ಒರೆಸಿ, ಕಿಕ್ ಹೊಡೆದು, ಸ್ವಲ್ಪ ಹೊತ್ತು ಇಂಜಿನ್ ಓಡಿಸಿ ಆರಿಸುತ್ತಿದ್ದ. ಹೀಗೆ ಇಪ್ಪತ್ತಾರು ದಿನ.

ಇಪ್ಪತ್ತೇಳನೇ ದಿನ ಅಂತರಘಟ್ಟೆ ಕಡೆಯ ಹುಚ್ಚಮ್ಮ ಎಂಬ ಹೆಂಗಸು ನಡೆದುಕೊಂಡು ಬಂದಳು. ಅರವತ್ತು ದಾಟಿದವಳು, ಗಂಡ ಇಲ್ಲ, ನಲವತ್ತು ತೆಂಗಿನ ಗಿಡ ಮತ್ತು ಒಂದು ಬಾವಿಯ ಒಡತಿ.

"ನಿಂಗೆ ಕಾಯಿಲೆ ಬಂದಿತ್ತಂತೆ?"

"ಬಂದಿತ್ತು ಕಣವ್ವ."

"ನಮ್ಮ ಮೋಟ್ರಿಗೂ ಏನೋ ಬಂದಿದೆ. ನಡಿ, ನೋಡು."

ಅವಳು ಬುಲೆಟ್ ಹತ್ತಲಿಲ್ಲ. ಭಯ ಅಂದಳು. ಯಾವುದರ ಭಯವೆಂದು ಅವನು ಕೇಳಲಿಲ್ಲ. ಬಸ್ಸಿನಲ್ಲಿ ಅವಳು ಬರುವಷ್ಟರಲ್ಲಿ ಅವನು ತೋಟದಲ್ಲಿದ್ದ. ಕುಡಿಯಲು ನೀರು ಕೇಳಿದಾಗ ಚೊಂಬನ್ನು ಎತ್ತರದಿಂದ ಸುರಿದಳು, ಅವನು ಬೊಗಸೆ ಹಿಡಿದು ಕುಡಿದ.

ಬಾವಿಯ ಗೋಡೆಯಲ್ಲಿ ಚಾಚಿಕೊಂಡ ಕಲ್ಲುಗಳೇ ಮೆಟ್ಟಿಲು. ಮೋಟಾರು ಇಪ್ಪತ್ತು ಅಡಿ ಕೆಳಗೆ. ಬೇರೆ ಕಡೆ ಆಳುಗಳು ಹಗ್ಗ ಹಿಡಿದು ಇಳಿಸುತ್ತಿದ್ದರು, ಇಲ್ಲಿ ಅವಳೊಬ್ಬಳೇ. ತೀರ್ಥಪ್ಪ ಅಂಚಿನಲ್ಲಿ ನಿಂತು ಕೆಳಗೆ ನೋಡಿದ. ಕಾಲು ಎಲ್ಲಿ ಇಟ್ಟೆ ಎಂದು ನೋಡಲು ಬಗ್ಗಿದರೆ ಬೀಳುತ್ತಾನೆ, ನೋಡದಿದ್ದರೆ ಕಾಲು ತಪ್ಪುತ್ತದೆ. ಹುಚ್ಚಮ್ಮ ಅವನ ಪಾದವನ್ನೂ ಮುಖವನ್ನೂ ನೋಡಿದಳು.

"ಗೊತ್ತಾಗಲ್ವೇನೋ?"

"ಇಲ್ಲ ಕಣವ್ವ."

"ಗೋಡೆ ಹಿಡ್ಕೊಂಡು ಇಳಿ. ನಾನು ಹೇಳ್ತೀನಿ." ಅವಳು ಸೆರಗು ಸಿಕ್ಕಿಸಿಕೊಂಡು ಅಂಚಿನಲ್ಲಿ ಬೋರಲು ಮಲಗಿ ತಲೆ ಕೆಳಗೆ ಚಾಚಿದಳು. "ಇನ್ನೂ ಎಡಕ್ಕೆ. ಇನ್ನೂ. ಹಾಂ, ಕಾಲು ಕೂತ್ಕೊಂತು. ಭಾರ ಹಾಕು. ಈಗ ಇನ್ನೊಂದು."

ಹದಿನಾಲ್ಕು ಕಲ್ಲು ಇಳಿದ. ಹಾಗೇ ಹತ್ತಿ ಬಂದ. ನೀರು ಬರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಪೈಪು ಮೊದಲು ಗಾಳಿ ಉಗುಳಿ, ಆಮೇಲೆ ಕೆಸರು ಉಗುಳಿ, ಕೊನೆಗೆ ತಿಳಿನೀರು ಕಾಲುವೆಗೆ ಬಿತ್ತು. ಹುಚ್ಚಮ್ಮ ಮೊಣಕೈ ಮಣ್ಣು ಒದರಿಕೊಳ್ಳುತ್ತಾ, "ನಮ್ಮ ಪಕ್ಕದ ಹನುಮಂತಪ್ಪಂದೂ ಕೆಟ್ಟು ಕೂತಿದೆ. ಕೇಳಿ ನೋಡ್ತೀನಿ. ಒಪ್ತಾನೋ ಬಿಡ್ತಾನೋ ಗೊತ್ತಿಲ್ಲ" ಅಂದಳು.

ಹನುಮಂತಪ್ಪ ಆ ವರ್ಷ ಒಪ್ಪಲಿಲ್ಲ, ಮುಂದಿನ ವರ್ಷ ಒಪ್ಪಿದ. ಮೂವತ್ತೈದು ಹಳ್ಳಿಯಲ್ಲಿ ತೀರ್ಥಪ್ಪನಿಗೆ ಉಳಿದದ್ದು ಒಂಬತ್ತು. ಆ ಒಂಬತ್ತರಲ್ಲಿ ಅವನು ಇನ್ನೂ ಆರು ವರ್ಷ ಪಂಪು ರಿಪೇರಿ ಮಾಡಿದ.